ಬೀದರಿಗೆ ಬಂದವರು ರಾತ್ರಿ ಯಾಕೆ ಉಳಿಯಲ್ಲ?

ಪ್ರವಾಸೋದ್ಯಮ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಮಾತು: ಈ ವರ್ಷ ಎಷ್ಟು ಮಂದಿ ಬಂದರು? ಲಕ್ಷದ ಲೆಕ್ಕ ಹೇಳಿದರೆ ಕೇಳಿದವರಿಗೂ ಖುಷಿ, ಹೇಳಿದವರಿಗೂ ಖುಷಿ. ನನಗೆ ಬೇಕಾದ ಲೆಕ್ಕ ಬೇರೆ. ಬಂದವರಲ್ಲಿ ರಾತ್ರಿ ಉಳಿದವರು ಯಾರು? ಉಳಿಯದೆ ಹೋದವರು ಯಾಕೆ ಹೋದರು?

ನಾನು ಬೀದರಿನಲ್ಲಿ ನಮ್ಮ ಕಾಕಾನ ಲಾಡ್ಜ್ ನೋಡಿಕೊಳ್ಳುತ್ತೇನೆ. ಕಲಬುರಗಿಯಲ್ಲಿ ಪ್ರವಾಸೋದ್ಯಮ ಓದಿದೆ. ಹೈದರಾಬಾದಿನ ಒಂದು ದೊಡ್ಡ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡಿದೆ. ಆಮೇಲೆ ಊರಿಗೆ ಬಂದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಕೌಂಟರಿನಲ್ಲಿ ಕೂತವರಿಗೆ ಊರಿನ ಪ್ರವಾಸೋದ್ಯಮ ಬಹಳ ಹತ್ತಿರದಿಂದ ಕಾಣುತ್ತದೆ. ಹಗಲು ಬಂದು ಸಂಜೆ ಹೋಗುವವರು ಊರಿನಲ್ಲಿ ಖರ್ಚು ಮಾಡುವುದು ಒಂದು ನೀರಿನ ಬಾಟಲಿ, ಒಂದು ಆಟೋ, ಹೆಚ್ಚೆಂದರೆ ಒಂದು ಊಟ. ಒಂದು ರಾತ್ರಿ ಉಳಿದರೆ ರೂಮು, ಎರಡು ಹೊತ್ತಿನ ಊಟ, ಬಟ್ಟೆ ಒಗೆಯುವವರಿಗೆ ಕೆಲಸ, ಮುಂಜಾನೆ ಮತ್ತೆ ಆಟೋ, ಹೋಗುವಾಗ ಒಂದು ಬಿದ್ರಿ ಸಾಮಾನು. ಊರಿಗೆ ದುಡ್ಡು ಸಿಗುವುದು ಆ ಒಂದು ರಾತ್ರಿಯಲ್ಲಿ.

ಪ್ರತಿ ಲಾಡ್ಜಿನಲ್ಲೂ ರಿಜಿಸ್ಟರ್ ಇರುತ್ತದೆ. ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ. ಆ ಕೊನೆಯ ಕಾಲಮ್ಮಿನಲ್ಲಿ ಎಲ್ಲರೂ ‘ಪರ್ಸನಲ್’ ಅಂತ ಬರೆದು ಮುಗಿಸುತ್ತಾರೆ. ನಾನು ಬೇರೆ ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಯಾರ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಮದುವೆ, ಉರುಸು, ಪರೀಕ್ಷೆ, ಆಸ್ಪತ್ರೆ, ಕಂಪನಿ ಕೆಲಸ, ಗುರುದ್ವಾರ, ಕೋಟೆ ಅಂತ ಅಷ್ಟೇ ಗುರುತು. ಸ್ವಲ್ಪ ಕಾಲ ಹೀಗೆ ಬರೆದ ಮೇಲೆ ಗೊತ್ತಾಗಿದ್ದು ಇದು: ನಮ್ಮಲ್ಲಿ ಮಲಗುವವರಲ್ಲಿ ಕೋಟೆ ನೋಡಲು ಬಂದವರು ತೀರಾ ಕಡಿಮೆ. ಮದುವೆಯವರು, ಔಷಧ ಕಂಪನಿಯವರು, ಪರೀಕ್ಷೆ ಬರೆಯುವ ಹುಡುಗರು ಜಾಸ್ತಿ. ಕೋಟೆ ನೋಡಿದವರು ಹೈದರಾಬಾದ್ ರಸ್ತೆ ಹಿಡಿದಿರುತ್ತಾರೆ. ಅಲ್ಲಿಗೆ ಸುಮಾರು 140 ಕಿಲೋಮೀಟರ್ ಅಷ್ಟೇ.

2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಶುರುವಾಯಿತು. 2019ರಲ್ಲಿ ಕಲಬುರಗಿಯಲ್ಲಿ, 2020ರಲ್ಲಿ ಬೀದರಿನಲ್ಲಿ ವಿಮಾನ ನಿಲ್ದಾಣ ಬಂತು. ದಾರಿ ಸುಲಭವಾದರೆ ಜನ ಬರುತ್ತಾರೆ ಅಂತ ಎಲ್ಲರೂ ಹೇಳಿದರು, ಅದು ನಿಜವೇ. ಆದರೆ ಸುಲಭವಾಗಿ ಬಂದವರು ಅಷ್ಟೇ ಸುಲಭವಾಗಿ ವಾಪಸ್ಸೂ ಹೋಗುತ್ತಾರೆ, ಅಲ್ವಾ? ಅವರನ್ನು ಇಲ್ಲೇ ನಿಲ್ಲಿಸುವುದು ಏನು ಅಂತ ಬೇರೆಯಾಗಿ ಹುಡುಕಬೇಕು. ಅದಕ್ಕೇ ಸಂಶೋಧನೆ ಬೇಕು ಅನ್ನುವುದು ನನ್ನ ಮಾತು. ದಪ್ಪ ಪುಸ್ತಕ ಬರೆಯುವ ಸಂಶೋಧನೆ ಅಲ್ಲ. ಸೋಮವಾರ ಕೇಳಿ, ಶುಕ್ರವಾರದ ಒಳಗೆ ರೂಮಿನಲ್ಲೋ ಅಡುಗೆಮನೆಯಲ್ಲೋ ಏನಾದರೂ ಬದಲಿಸಬಹುದಾದ ಸಂಶೋಧನೆ.

ಇಂಥ ಕೆಲಸ ಜಗತ್ತಿನಲ್ಲಿ ಬೇಕಾದಷ್ಟು ನಡೆದಿದೆ. ನನಗೆ ಬಹಳ ಇಷ್ಟವಾದದ್ದು ಅಮೆರಿಕದ ಟವೆಲ್ ಪ್ರಯೋಗ. ಗೋಲ್ಡ್‌ಸ್ಟೈನ್, ಚಾಲ್ಡಿನಿ, ಗ್ರಿಸ್ಕೆವಿಷಿಯಸ್ ಅನ್ನುವವರು ಮಾಡಿದ್ದು, 2008ರಲ್ಲಿ ಪ್ರಕಟವಾಯಿತು. ಹೋಟೆಲಿನ ಬಾತ್‌ರೂಮಿನಲ್ಲಿ ‘ಪರಿಸರ ಉಳಿಸಿ, ಟವೆಲನ್ನು ಮತ್ತೆ ಬಳಸಿ’ ಅಂತ ಕಾರ್ಡ್ ಇಟ್ಟಾಗ ಶೇಕಡಾ 35ರಷ್ಟು ಜನ ಹಾಗೆ ಮಾಡಿದರು. ‘ಇಲ್ಲಿ ಉಳಿದ ಹೆಚ್ಚಿನ ಅತಿಥಿಗಳು ಟವೆಲನ್ನು ಮತ್ತೆ ಬಳಸುತ್ತಾರೆ’ ಅಂತ ಬರೆದಾಗ ಶೇಕಡಾ 44. ಎರಡನೇ ಪ್ರಯೋಗದಲ್ಲಿ ‘ಇದೇ ರೂಮಿನಲ್ಲಿ ಉಳಿದವರು’ ಅಂತ ಹಾಕಿದರು. ಆಗ ಶೇಕಡಾ 49. ಖರ್ಚು ಒಂದು ಕಾರ್ಡಿನದು.

ಬೀದರಿನ ಬೇಸಿಗೆ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಏಪ್ರಿಲ್-ಮೇ ಬಂದರೆ ನಮಗೆ ಟ್ಯಾಂಕರ್ ನೀರು ಬೇಕು. ಹಾಗಾಗಿ ಪ್ರಾಜೆಕ್ಟ್ ಮಾಡಲು ಬಂದ ಕಾಲೇಜು ಹುಡುಗಿಯರ ಜೊತೆ ನಾವೂ ಇದನ್ನು ಮಾಡಿ ನೋಡಿದೆವು. ಮೊದಲು ಯಾವ ಕಾರ್ಡೂ ಇಲ್ಲದೆ ಸುಮ್ನೆ ಎಣಿಸಿದೆವು. ಯಾವ ರೂಮುಗಳಲ್ಲಿ ಎರಡು ದಿನ ಇರುವವರು ನಿಜಕ್ಕೂ ಅದೇ ಟವೆಲ್ ಬಳಸುತ್ತಿದ್ದಾರೆ ಅಂತ ತಿಳಿಯಬೇಕಿತ್ತು, ಯಾಕೆಂದರೆ ಸುಳ್ಳು ಬರೆಯುವುದು ನನಗೆ ಬೇಡವಾಗಿತ್ತು. ಆಮೇಲೆ ಮೇಲಿನ ಮಹಡಿಯಲ್ಲಿ ‘ಈ ರೂಮಿನಲ್ಲಿ ಉಳಿದವರು’ ಕಾರ್ಡ್, ಕೆಳಗೆ ‘ನೀರು ಉಳಿಸಿ’ ಕಾರ್ಡ್. ಬಟ್ಟೆ ಒಗೆಯುವ ಅಕ್ಕ ಎರಡೂ ಮಹಡಿಯ ಗಂಟನ್ನು ಬೇರೆ ಬೇರೆ ಕಟ್ಟಿ ಇಡುತ್ತಿದ್ದರು. ಮೇಲಿನ ಗಂಟು ಸಣ್ಣದಾಯಿತು. ಆಗ ಒಬ್ಬ ಹುಡುಗಿ ಸರಿಯಾಗಿ ಕೇಳಿದಳು: “ಅಕ್ಕಾ, ಮ್ಯಾಲ ಒಬ್ಬೊಬ್ಬರೇ ಇರ್ತಾರ, ಕೆಳಗ ಮಕ್ಕಳು ಮರಿ ಇರೋ ಫ್ಯಾಮಿಲಿ ಇರ್ತಾವ. ಅದಕ್ಕ ಹಿಂಗಾಗಿರಬಹುದಲ್ಲ?” ಕಾರ್ಡುಗಳನ್ನು ಅದಲುಬದಲು ಮಾಡಿದೆವು. ವ್ಯತ್ಯಾಸ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಅಷ್ಟು ಸಾಕಾಯಿತು. ಈಗ ಎಲ್ಲಾ ರೂಮಿನಲ್ಲೂ ‘ಈ ರೂಮಿನಲ್ಲಿ ಉಳಿದವರು’ ಕಾರ್ಡೇ ಇದೆ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಮಾತ್ರ ನಾನು ಬರುವ ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ.

ಊಟದ ವಿಷಯದಲ್ಲಿ ನಾರ್ವೆಯ ಒಂದು ಅಧ್ಯಯನ ಇದೆ, 2013ರದು. ಹೋಟೆಲ್ ಬುಫೆಯಲ್ಲಿ ತಟ್ಟೆಯ ಅಳತೆ ಸ್ವಲ್ಪ ಸಣ್ಣದು ಮಾಡಿದರು. ಇನ್ನು ಕೆಲವು ಹೋಟೆಲುಗಳಲ್ಲಿ ‘ಎಷ್ಟು ಸಲ ಬೇಕಾದರೂ ಬಂದು ಬಡಿಸಿಕೊಳ್ಳಿ’ ಅಂತ ಬೋರ್ಡ್ ಇಟ್ಟರು. ಎರಡರಲ್ಲೂ ಹಾಳಾಗುವ ಊಟ ಸುಮಾರು ಶೇಕಡಾ 20ರಷ್ಟು ಕಡಿಮೆಯಾಯಿತು. ನಮ್ಮದು ಬುಫೆ ಅಲ್ಲ, ಪಕ್ಕದ ಖಾನಾವಳಿಯಿಂದ ಊಟ ಬರುತ್ತದೆ. ಅಲ್ಲಿ ತಟ್ಟೆ ಸಣ್ಣದು ಮಾಡಿದರೆ ಜನ ಸಿಟ್ಟಾಗುತ್ತಾರೆ. ಹಾಗಾಗಿ ತಟ್ಟೆ ಬಿಟ್ಟು, ಎಸೆಯುವ ಬಕೆಟ್ ನೋಡಿದೆವು. ಅದರಲ್ಲಿ ಪಲ್ಯಕ್ಕಿಂತ ರೊಟ್ಟಿ ಜಾಸ್ತಿ! ಬೆಂಗಳೂರು ಕಡೆಯವರು ಖಡಕ್ ರೊಟ್ಟಿ ಮುರಿದು, ಒಂದು ತುತ್ತು ತಿಂದು, ಉಳಿದದ್ದು ಬಿಟ್ಟಿರುತ್ತಿದ್ದರು. ಈಗ ಆರ್ಡರ್ ತೆಗೆದುಕೊಳ್ಳುವಾಗಲೇ “ಮೆತ್ತನ ರೊಟ್ಟಿ ಬೇಕ್ರೋ, ಖಡಕ್ ಬೇಕ್ರೋ?” ಅಂತ ಕೇಳುತ್ತೇವೆ. ಖಡಕ್ ಬೇಕು ಅಂದವರಿಗೆ ಪುಂಡಿ ಪಲ್ಯದ ರಸದಲ್ಲಿ ಹೇಗೆ ನೆನೆಸಿ ತಿನ್ನಬೇಕು ಅಂತ ಖಾನಾವಳಿಯ ಅವ್ವ ತಾನೇ ತೋರಿಸುತ್ತಾಳೆ. ಅದನ್ನು ನೋಡಿದವರು ಮತ್ತೊಂದು ರೊಟ್ಟಿ ಕೇಳುತ್ತಾರೆ.

ಹೊರಗಿನ ಸಂಶೋಧನೆಯಿಂದ ಕಲಿಯಬೇಕು ನಿಜ. ಆದರೆ ಅವರ ಪ್ರಶ್ನೆಪತ್ರಿಕೆಯನ್ನು ಹಾಗೇ ತಂದು ಇಲ್ಲಿ ಹಂಚಿದರೆ ಏನೂ ಸಿಗುವುದಿಲ್ಲ. ಯಾವುದೇ ಸೇವೆಯ ಗುಣಮಟ್ಟ ಅಳೆಯಲು ‘ಸರ್ವ್‌ಕ್ವಾಲ್’ ಅಂತ ಒಂದು ಅಳತೆ ಇದೆ. ಪರಾಶುರಾಮನ್, ಝೈಥಾಮಲ್, ಬೆರಿ 1988ರಲ್ಲಿ ಕೊಟ್ಟಿದ್ದು. ಅದರಲ್ಲಿ 22 ಅಂಶಗಳು. ಓದುವಾಗ ನಾವೆಲ್ಲಾ ಇದನ್ನು ಬಾಯಿಪಾಠ ಮಾಡಿದ್ದೆವು. ಒಳ್ಳೆಯ ಅಳತೆಯೇ. ಆದರೆ ದೇವಲ ಗಾಣಗಾಪುರಕ್ಕೆ ಅದನ್ನು ತೆಗೆದುಕೊಂಡು ಹೋಗಿ ನೋಡಿ.

ಗಾಣಗಾಪುರ ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನಲ್ಲಿದೆ. ದತ್ತಾತ್ರೇಯನ ಕ್ಷೇತ್ರ. ಮಹಾರಾಷ್ಟ್ರದಿಂದ ಬರುವ ಭಕ್ತರೇ ಎಷ್ಟೋ ಮಂದಿ. ಬೆಳಕು ಹರಿಯುವ ಮೊದಲೇ ಭೀಮಾ-ಅಮರ್ಜಾ ಸಂಗಮಕ್ಕೆ ಹೋಗಿ ಸ್ನಾನ ಮಾಡುತ್ತಾರೆ. ಮಧ್ಯಾಹ್ನ ಮಾಧುಕರಿ, ಅಂದರೆ ಮನೆ ಮನೆಗೆ ಹೋಗಿ ಭಿಕ್ಷೆ ಬೇಡುವುದು. ದತ್ತ ಮಹಾರಾಜರು ಆ ಹೊತ್ತಿನಲ್ಲಿ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆ ಅನ್ನುವ ನಂಬಿಕೆ. ಅಲ್ಲಿ ಸಣ್ಣ ಲಾಡ್ಜ್ ನಡೆಸುವ ಗೆಳತಿಯೊಬ್ಬಳಿದ್ದಾಳೆ. ಅವಳ ಗೆಸ್ಟುಗಳಿಗೆ ನಾವು ಪ್ರಶ್ನೆಪತ್ರಿಕೆ ಕೊಡಲಿಲ್ಲ. ಪಕ್ಕ ಕೂತು “ರೂಮಿನಾಗ ಏನು ಹುಡುಕಿದ್ರಿ, ಸಿಗಲಿಲ್ಲ?” ಅಂತ ಕೇಳಿದೆವು. ಟಿವಿ ಅಂತ ಯಾರೂ ಹೇಳಲಿಲ್ಲ. ಏಸಿ ಅಂತಲೂ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಹೇಳಿದ್ದು ಹಗ್ಗ. ಸಂಗಮದಲ್ಲಿ ಮಿಂದು ಬಂದ ಒದ್ದೆ ಸೀರೆ, ಪಂಚೆ ಒಣಗಿಸುವುದಕ್ಕೆ ಒಂದು ಹಗ್ಗ. ಆಮೇಲೆ ಹೇಳಿದ್ದು ಹೊತ್ತು. ಹನ್ನೆರಡಕ್ಕೆ ಚೆಕ್‌ಔಟ್ ಅಂದರೆ ಮಾಧುಕರಿ ಬಿಟ್ಟು ಓಡಿ ಬರಬೇಕು. ಗೆಳತಿ ವರಾಂಡದಲ್ಲಿ ಹಗ್ಗ ಕಟ್ಟಿಸಿದಳು, ಚೆಕ್‌ಔಟ್ ಮೂರಕ್ಕೆ ಮಾಡಿದಳು. 22 ಅಂಶಗಳ ಪಟ್ಟಿಯಲ್ಲಿ ಹಗ್ಗ ಇರುವುದು ಸಾಧ್ಯವಿಲ್ಲ. ಅದನ್ನು ಬರೆದವರಿಗೆ ಸಂಗಮ ಗೊತ್ತಿಲ್ಲ, ನಮಗೆ ಗೊತ್ತು.

ಪ್ರಶ್ನೆ ಕೇಳುವ ರೀತಿಯೇ ಅರ್ಧ ಕೆಲಸ. ಬೀದರಿನಲ್ಲಿ ಒಂದೇ ದಿನ ತೆಲುಗು, ಮರಾಠಿ, ಉರ್ದು, ಕನ್ನಡ ಮಾತಾಡುವವರು ಬರುತ್ತಾರೆ. ಗುರುನಾನಕ್ ಝೀರಾ ಗುರುದ್ವಾರಕ್ಕೆ ಪಂಜಾಬಿನವರು ಬರುತ್ತಾರೆ, ನಾಂದೇಡಿನ ಹುಜೂರ್ ಸಾಹಿಬ್ ದರ್ಶನ ಮಾಡಿಕೊಂಡು. ಅವರ ಕೈಗೆ ಇಂಗ್ಲಿಷ್ ಫಾರ್ಮ್ ಕೊಟ್ಟು ಒಂದರಿಂದ ಐದರವರೆಗೆ ಟಿಕ್ ಮಾಡಿ ಅಂದರೆ ನಡುವಿನ ಮೂರಕ್ಕೆ ಟಿಕ್ ಮಾಡಿ ವಾಪಸ್ ಕೊಡುತ್ತಾರೆ. ಮೊಮ್ಮಕ್ಕಳನ್ನು ಕರೆದುಕೊಂಡು ಕೋಟೆಗೆ ಬಂದಿದ್ದ ಔರಾದ್ ಕಡೆಯ ಹಿರಿಯರೊಬ್ಬರು ನಮ್ಮ ಹುಡುಗಿಯನ್ನು ಕೇಳಿದರು: “ಯವ್ವಾ, ಇದರಾಗ ಯಾವುದಕ್ಕ ಗೆರಿ ಹೊಡದ್ರ ನಿನಗ ಛಲೋ ಆಗ್ತದ?” ಎಂಥ ದೊಡ್ಡ ಮನಸ್ಸು ನೋಡಿ. ನಮ್ಮ ಜನ ಎದುರಿಗಿದ್ದವರಿಗೆ ಬೇಜಾರು ಮಾಡುವುದಿಲ್ಲ. ಅದಕ್ಕೇ “ಹೆಂಗಿತ್ತು?” ಅಂತ ಕೇಳಿದರೆ “ಛಲೋ ಇತ್ರಿ” ಅಂತಲೇ ಹೇಳುತ್ತಾರೆ. ಆ ಉತ್ತರವನ್ನು ಶೇಕಡಾವಾರು ಮಾಡಿ ವರದಿಯಲ್ಲಿ ಹಾಕಿದರೆ ಊರಿಗೆ ಒಂದು ಪೈಸೆ ಉಪಯೋಗವಿಲ್ಲ.

ನಾವು ಪ್ರಶ್ನೆ ಬದಲಿಸಿದೆವು. ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ? ಇವತ್ತು ನೋಡಬೇಕು ಅಂತಿದ್ದು ಬಿಟ್ಟಿದ್ದು ಏನು? ಎಷ್ಟು ಗಂಟೆಗೆ ಹೊರಡಬೇಕು ಅಂತ ಯಾರು ತೀರ್ಮಾನ ಮಾಡಿದರು? ಹೆಂಗಸರನ್ನು ಬೇರೆಯಾಗಿ ಕೇಳಿ ಅಂತ ಹುಡುಗಿಯರಿಗೆ ಹೇಳಿದ್ದೆ. ಒಂದು ಸ್ಮಾರಕದ ಹತ್ತಿರ, ಸೋಲಾಪುರ ಕಡೆಯ ಒಂದು ಕುಟುಂಬ. ಗಂಡಸರು “ಎಲ್ಲಾ ಛಲೋ ಅದರಿ, ಟೈಮ್ ಸಾಲಲಿಲ್ಲ” ಅಂದರು. ಮರದ ಕೆಳಗೆ ಕೂತಿದ್ದ ಹೆಂಗಸು ಹೇಳಿದ್ದು: “ಮುಂಜಾನಿಂದ ನೀರೇ ಕುಡಿದಿಲ್ರಿ ನಾನು. ಕುಡಿದ್ರ ಎಲ್ಲಿ ಹೋಗಬೇಕು?” ಅವರು ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಹೋಗಬೇಕು ಅಂತಿದ್ದರು. ಹೋಗಲಿಲ್ಲ. ಟೈಮ್ ಯಾಕೆ ಸಾಲಲಿಲ್ಲ ಅನ್ನುವುದಕ್ಕೆ ಉತ್ತರ ಆ ಹೆಂಗಸಿನ ಹತ್ತಿರ ಇತ್ತು. ಹುಡುಗಿಯರು ಕೇಳುತ್ತಾ ಹೋದಂತೆ ಇದೇ ಮಾತು ಬೇರೆ ಬೇರೆ ಭಾಷೆಯಲ್ಲಿ ಮತ್ತೆ ಮತ್ತೆ ಬಂತು.

ಕಾಕಾನಿಗೆ ಇದನ್ನು ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕೆಳಗಿನ ಎರಡು ರೂಮ್ ಹಗಲಿಗೆ ಬಿಡು” ಅಂದರು. ಈಗ ಅವು ಹೆಂಗಸರಿಗೆ, ಮಕ್ಕಳಿಗೆ. ಎರಡು ತಾಸು ಬಂದು ಕೈಕಾಲು ತೊಳೆದು, ಮಗುವನ್ನು ಮಲಗಿಸಿ, ಬ್ಯಾಗ್ ಇಟ್ಟು ಹೋಗಬಹುದು. ಬಾಡಿಗೆ ಬಹಳ ಕಡಿಮೆ. ಆಟೋದವರಿಗೆ ಹೇಳಿಟ್ಟಿದ್ದೇವೆ. ಹಾಗೆ ಬಂದವರಲ್ಲಿ ಕೆಲವರು ಊಟ ಮಾಡುತ್ತಾರೆ. ಸಂಜೆ ಅಷ್ಟೂರಿಗೆ ಹೋಗುತ್ತಾರೆ. ಅಹ್ಮದ್ ಶಾ ವಲಿಯ ಗೋರಿಯ ಒಳಗಿನ ಬಣ್ಣದ ಚಿತ್ತಾರ ನೋಡಿ, ದಾರಿಯಲ್ಲಿ ಸೂಫಿ ಸಂತ ಖಲೀಲುಲ್ಲಾರ ಗೋರಿ ಚೌಖಂಡಿ ನೋಡಿ, ಕತ್ತಲಾಗಿ ವಾಪಸ್ ಬಂದು “ರೂಮ್ ಅದೇನ್ರಿ?” ಅಂತ ಕೇಳಿದವರೂ ಇದ್ದಾರೆ.

ಜನ ಉಳಿಯದೆ ಹೋಗುವುದಕ್ಕೆ ಮೊದಲ ಕಾರಣ ಹೆಂಗಸರಿಗೆ ಶೌಚಾಲಯ ಸಿಗದಿದ್ದದ್ದು. ಎರಡನೇ ಕಾರಣ ಸಂಜೆ. ಬೀದರಿನಲ್ಲಿ ಸಂಜೆ ಏನು ಮಾಡಬೇಕು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕೋಟೆ ನೋಡಿದರು, 1472ರ ಮಹಮೂದ್ ಗವಾನ್ ಮದರಸಾ ನೋಡಿದರು, ಉಳಿದಿರುವ ಒಂದು ಮಿನಾರಿನ ಫೋಟೋ ತೆಗೆದರು, ಮುಗಿಯಿತು. ಮನಶ್ಶಾಸ್ತ್ರಜ್ಞ ಕಾನ್ಮನ್ ಮತ್ತು ಅವರ ಜೊತೆಯವರು 1993ರಲ್ಲಿ ತೋರಿಸಿದ ಒಂದು ವಿಷಯ ಇಲ್ಲಿ ನೆನಪಾಗುತ್ತದೆ. ಒಂದು ಅನುಭವ ಎಷ್ಟು ಹೊತ್ತು ನಡೆಯಿತು ಅನ್ನುವುದು ಮನಸ್ಸಿನಲ್ಲಿ ಅಷ್ಟಾಗಿ ಉಳಿಯುವುದಿಲ್ಲ. ಅದರಲ್ಲಿ ಎಲ್ಲಕ್ಕಿಂತ ತೀವ್ರವಾಗಿದ್ದ ಕ್ಷಣ ಮತ್ತು ಕೊನೆ, ಇವೆರಡೇ ಹೆಚ್ಚು ಉಳಿಯುತ್ತವೆ. ಬೀದರಿನ ಪ್ರವಾಸದ ಕೊನೆ ಅಂದರೆ ಬಿಸಿಲಲ್ಲಿ ಪಾರ್ಕಿಂಗಿನಿಂದ ಕಾರು ತೆಗೆಯುವುದು. ಅದಕ್ಕಿಂತ ಒಳ್ಳೆಯ ಕೊನೆ ನಮ್ಮ ಹತ್ತಿರ ಇಲ್ಲವಾ?

ಇದೆ. ಬಿದ್ರಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಅಚ್ಚು ಹೊಯ್ಯುತ್ತಾರೆ. ಮೇಲೆ ಉಳಿಯಿಂದ ಚಿತ್ತಾರ ಕೆತ್ತಿ, ಆ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಈ ಹೊತ್ತಿನಲ್ಲಿ ಸಾಮಾನು ಬೂದು ಬಣ್ಣದ್ದು, ಬೆಳ್ಳಿ ಎಲ್ಲಿದೆ ಅಂತ ಸರಿಯಾಗಿ ಕಾಣುವುದೂ ಇಲ್ಲ. ಕೊನೆಗೆ ಕೋಟೆಯ ಹಳೆಯ ಜಾಗದ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಿನಲ್ಲಿ ಕಲಸಿ, ಬಿಸಿ ಸಾಮಾನಿಗೆ ಹಚ್ಚುತ್ತಾರೆ. ಲೋಹ ಕಣ್ಣೆದುರೇ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನೂರು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಅಂಗಡಿಗಳಲ್ಲಿ ಜನ ಹೂದಾನಿ ಕೊಳ್ಳುತ್ತಾರೆ. ಆದರೆ ಈ ಕಪ್ಪಾಗುವ ಕ್ಷಣವನ್ನು ನೋಡಿದವರು ಬಹಳ ಕಡಿಮೆ.

ಇದನ್ನು ಗೆಸ್ಟುಗಳಿಗೆ ತೋರಿಸುತ್ತೀರಾ ಅಂತ ನಮಗೆ ಪರಿಚಯದ ಬಿದ್ರಿ ಉಸ್ತಾದರನ್ನು ಕೇಳಿದೆವು. ಮಣ್ಣು ಸುಮ್ನೆ ಸಿಗುವುದಲ್ಲ, ಆಟಕ್ಕೆ ಮಾಡುವುದಿಲ್ಲ ಅಂದರು. ಒಪ್ಪಿದ್ದು ಇಷ್ಟಕ್ಕೆ: ಹಗಲು ಮಾಡಿದ ಸಣ್ಣ ಸಾಮಾನು, ಅಂದರೆ ಕಿವಿಯೋಲೆ, ಕೀ ಚೈನ್ ಇಂಥವುಗಳ ಕೊನೆಯ ಕೆಲಸವನ್ನು ಶನಿವಾರ ಸಂಜೆಗೆ ಇಡುವುದು. ಹೇಗೂ ಮಾಡಲೇಬೇಕಾದ ಕೆಲಸ, ಹೊತ್ತು ಮಾತ್ರ ಬದಲು. ನೋಡಲು ಬಂದ ಗೆಸ್ಟುಗಳನ್ನು ಮರುದಿನ ಹೊರಡುವಾಗ “ಬೀದರಂದ್ರ ಏನು ನೆನಪು ಬರ್ತದ?” ಅಂತ ಕೇಳುತ್ತೇನೆ. ಕೋಟೆಯ ಜೊತೆಗೆ ಈಗ ಆ ಕಪ್ಪು ಬಣ್ಣದ ಮಾತೂ ಬರುತ್ತದೆ. ಶನಿವಾರ ಸಂಜೆ ಉಳಿಯಬೇಕಾದರೆ ಭಾನುವಾರ ಬೆಳಿಗ್ಗೆಯೂ ಇಲ್ಲೇ. ನೌಬಾದಿನ ಕರೇಜ್ ಅನ್ನುವ ನೆಲದಡಿಯ ಹಳೆಯ ನೀರಿನ ಕಾಲುವೆ ನೋಡುವುದಕ್ಕೆ, ನರಸಿಂಹ ಝರಣಿಯ ಗುಹೆಯ ನೀರಿನಲ್ಲಿ ನಡೆದು ಹೋಗುವುದಕ್ಕೆ ಹೊತ್ತು ಸಿಗುತ್ತದೆ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಬೇರೆ ಥರದ ಕೆಲಸ ಆಗಬೇಕು. 1986ರಲ್ಲಿ ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಅಂತ ಬರೆದ ಶಿಲ್ಪವೇ ಇದೆ. ಅಶೋಕನನ್ನು ಹೆಸರು ಸಮೇತ ಕೆತ್ತಿದ ಕಲ್ಲು ನಮ್ಮ ಭೀಮಾ ದಂಡೆಯಲ್ಲಿ! ಇಂಥ ಕಡೆ ಯಾರನ್ನೂ ಏನೂ ಕೇಳುವುದು ಬೇಡ, ಗಡಿಯಾರ ಹಿಡಿದು ದೂರ ನಿಂತರೆ ಸಾಕು. ಜನ ಯಾವ ಕಲ್ಲಿನ ಮುಂದೆ ನಿಲ್ಲುತ್ತಾರೆ, ಎಷ್ಟು ಹೊತ್ತು? ಯಾರಾದರೂ ಬೆರಳು ತೋರಿಸಿ “ಇವ್ನೇ ಅಶೋಕ” ಅಂದ ಮೇಲೆ ಎಷ್ಟು ಹೊತ್ತು? ಊರಿನ ಒಬ್ಬ ಹುಡುಗನಿಗೆ ಗೈಡ್ ಕೆಲಸ ಕೊಡಬೇಕೋ ಬೇಡವೋ ಅನ್ನುವುದಕ್ಕೆ ಉತ್ತರ ಆ ಎರಡು ಹೊತ್ತಿನ ನಡುವೆ ಇದೆ. ಯಾದಗಿರಿ ಜಿಲ್ಲೆಯ ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೂ ಇದೇ ಮಾತು. ಜನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆದು ಹೋಗುತ್ತಾರೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ, ಸುರಪುರದ ಟೇಲರ್ ಮಂಜಿಲ್, ಅಷ್ಟು ಹತ್ತಿರ ಇದೆ ಅಂತ ಅವರಿಗೆ ಅಲ್ಲಿ ಹೇಳುವವರು ಬೇಕು.

ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಒಂದಿದೆ. ಪ್ರಾಜೆಕ್ಟ್ ವರದಿಗಳು ಎಲ್ಲಿಗೆ ಹೋಗುತ್ತವೆ? ವಿದ್ಯಾರ್ಥಿಗಳು ಬಿಸಿಲಲ್ಲಿ ನಿಂತು ಕೇಳುತ್ತಾರೆ, ಆಟೋದವರು ಗಿರಾಕಿ ಬಿಟ್ಟು ಉತ್ತರ ಕೊಡುತ್ತಾರೆ. ಆಮೇಲೆ ವರದಿ ಬೈಂಡ್ ಆಗಿ ಕಪಾಟು ಸೇರುತ್ತದೆ. ಉತ್ತರ ಕೊಟ್ಟವರಿಗೆ ಒಂದು ಹಾಳೆಯೂ ವಾಪಸ್ ಬರುವುದಿಲ್ಲ. ನಮ್ಮಲ್ಲಿಗೆ ಬರುವವರಿಗೆ ನಾನು ಒಂದೇ ಷರತ್ತು ಹಾಕುತ್ತೇನೆ. ಮುಗಿದ ಮೇಲೆ ಆಟೋ ಸ್ಟ್ಯಾಂಡಿನಲ್ಲಿ, ಖಾನಾವಳಿಯಲ್ಲಿ ನಿಂತು ಕನ್ನಡದಲ್ಲೋ ದಖ್ಖನಿಯಲ್ಲೋ ಸಿಕ್ಕಿದ್ದನ್ನು ಹೇಳಬೇಕು. ಅಲ್ಲಿ ಬರುವ ಪ್ರಶ್ನೆಗಳು ಯಾವ ವೈವಾದಲ್ಲೂ ಬರುವುದಿಲ್ಲ.

ಇನ್ನು ಈ ಚಳಿಗಾಲದ ಕೆಲಸ. ಭಾಲ್ಕಿ ಕಡೆಯ ಒಬ್ಬ ವಿದ್ಯಾರ್ಥಿನಿ ಎಳ್ಳಮಾಸಿಗೆ ಟೂರ್ ಮಾಡೋಣ ಅಂದಳು. ನಮ್ಮ ಕಡೆ ಎಳ್ಳ ಅಮಾವಾಸ್ಯೆ ಅಂದರೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಕಟ್ಟಿಕೊಂಡು ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ (ಹೊಲಕ್ಕೆ ಎಡೆ ಚೆಲ್ಲುವುದು), ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ಹೊರಗಿನವರಿಗೆ ಇದು ಬಹಳ ಇಷ್ಟವಾಗುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಡಾಕ್ಸಿ ಅನ್ನುವವರು 1975ರಲ್ಲೇ ಹೇಳಿದ್ದಾರೆ: ಪ್ರವಾಸಿಗಳು ಬರಲು ಶುರುವಾದಾಗ ಊರಿನವರಿಗೆ ಖುಷಿ. ಬರುಬರುತ್ತಾ ಉದಾಸೀನ, ಆಮೇಲೆ ಕಿರಿಕಿರಿ, ಕೊನೆಗೆ ವಿರೋಧ. ಹಾಗಾಗಿ ಈ ಸಲ ಗೆಸ್ಟುಗಳನ್ನು ಬಿಟ್ಟು ರೈತರನ್ನು ಮೊದಲು ಕೇಳಿದೆವು.

ಊಟಕ್ಕೆ ಎಷ್ಟು ರೇಟ್ ಇಡೋಣ ಅಂತ ಕೇಳಿದ್ದಕ್ಕೆ ಒಬ್ಬ ಆಯಿ ಹೇಳಿದಳು: “ರೊಕ್ಕ ತಗೊಂಡು ಉಣ್ಣಿಸಿದ್ರ ಅದು ಎಳ್ಳಮಾಸಿ ಹ್ಯಾಂಗ ಆಗ್ತದ ತಂಗಿ?” ಅಲ್ಲಿಗೆ ಪ್ಯಾಕೇಜ್ ಮಾತು ಮುಗಿಯಿತು. ಬೇರೆಯವರು ಹೇಳಿದ್ದನ್ನೂ ಬರೆದುಕೊಂಡೆವು. ಪೂಜೆ ಮುಗಿಯುವವರೆಗೆ ಫೋಟೋ ಬೇಡ. ಕಡಲೆ ಹೊಲದಲ್ಲಿ ತುಳಿಯಬೇಡಿ, ಬದುವಿನ ಮೇಲೆ ಬನ್ನಿ. ನೆಲಕ್ಕೆ ಕೂತು ಉಣ್ಣಬೇಕು, ಎಲೆಯಲ್ಲಿ ಬಿಡಬಾರದು. ಒಂದು ಹೊಲಕ್ಕೆ ಒಂದು ಕುಟುಂಬ, ಅಷ್ಟೇ. ಗೆಸ್ಟುಗಳು ದುಡ್ಡು ಕೊಡುವುದು ರೂಮಿಗೆ, ಆಟೋಗೆ ಮಾತ್ರ. ಹಿಂದಿನ ದಿನ ಬಂದು ಉಳಿದವರಿಗಷ್ಟೇ ಈ ವಿಷಯ ಹೇಳುತ್ತೇವೆ, ಆನ್‌ಲೈನಿನಲ್ಲಿ ಹಾಕುವುದಿಲ್ಲ. ಅಮಾವಾಸ್ಯೆ ಕಳೆದು ಒಂದು ವಾರಕ್ಕೆ ಹುಡುಗಿಯರು ಅದೇ ಹೊಲಗಳಿಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಾರೆ: “ಮುಂದಿನ ವರ್ಷ ಮತ್ತ ಕರೀತೀರೇನ್ರಿ, ಬ್ಯಾಡೇನ್ರಿ?” ಬೇಡ ಅಂದ ಹೊಲಗಳಿಗೆ ಮುಂದೆ ಯಾರನ್ನೂ ಕಳಿಸುವುದಿಲ್ಲ.